ಏರಿಗೆ ಯಂತ್ರ, ಇಳಿಜಾರಿಗೆ ನಾವು
(ಕೆರೆಕಟ್ಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ವಚನ, ಕೀರ್ತನೆ, ಜಾನಪದ, ಕಾವ್ಯ ಎಂದು ನಾವು ನಿರೀಕ್ಷಿಸುತ್ತೇವೆ. ಇಂದಿನ ದತ್ತಿಯ ಆಶಯ ದಿನಬಳಕೆಯ ವಿಜ್ಞಾನವನ್ನು ಕನ್ನಡದಲ್ಲಿ ತಿಳಿಸುವುದು. ಹಾಗಾಗಿ ಈ ಸಭೆಯ ಹೊರಗೆ ಸಾಲಾಗಿ ನಿಂತಿರುವ ಗೇರಿಲ್ಲದ ಸ್ಕೂಟರುಗಳನ್ನೇ ನಾನು ವಿಷಯವಾಗಿ ಆರಿಸಿಕೊಂಡಿದ್ದೇನೆ. ದಿನವೂ ಅದರ ಮೇಲೆ ಕೂತು ಓಡಾಡುತ್ತೇವೆ, ಮಕ್ಕಳನ್ನು ಕೂರಿಸಿಕೊಳ್ಳುತ್ತೇವೆ, ಅಡಿಕೆ ಚೀಲ ಇಟ್ಟುಕೊಳ್ಳುತ್ತೇವೆ. ಒಳಗೆ ಏನು ನಡೆಯುತ್ತದೆ ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಏರು ಹತ್ತುವಾಗ ಈ ಗಾಡಿ ಸವಾರನ ಕೆಲಸವನ್ನೆಲ್ಲ ತಾನೇ ಮಾಡುತ್ತದೆ. ಇಳಿಯುವಾಗ ಆ ಕೆಲಸವನ್ನು ಸದ್ದಿಲ್ಲದೆ ಸವಾರನಿಗೇ ಬಿಟ್ಟುಬಿಡುತ್ತದೆ. ಯಾಕೆ ಹೀಗೆ ಎಂಬುದಕ್ಕೆ ಉತ್ತರ ಗಾಡಿಯ ಎಡಗಡೆಯ ಮುಚ್ಚಳದ ಒಳಗಿದೆ. ಘಾಟಿಯ ನೆತ್ತಿಯಲ್ಲಿ ಬದುಕುವ ನಾವು ಅದನ್ನು ತಿಳಿದಿರಲೇಬೇಕು.

ಈ ದಾರಿ, ಈ ಗಾಡಿ

ನಮ್ಮ ಮುಂದೆ ಹಾದುಹೋಗುವುದು ಶಿವಮೊಗ್ಗ–ಮಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 169. ಶೃಂಗೇರಿಯಿಂದ ತುಂಗೆಯ ಜತೆಜತೆಗೇ ಬರುವ ಈ ರಸ್ತೆ ಕೆರೆಕಟ್ಟೆ ದಾಟಿ ಜಿಲ್ಲೆಯ ಗಡಿಯಾದ ಎಸ್.ಕೆ. ಬಾರ್ಡರ್ ಮುಟ್ಟುತ್ತದೆ. ಅಲ್ಲಿಂದ ಮಾಳದ ಕಡೆಗೆ ಘಾಟಿ ಇಳಿದು ಬಜಗೋಳಿ, ಕಾರ್ಕಳ ಸೇರುತ್ತದೆ. ಸುತ್ತ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಮನೆಗಳು ಒತ್ತೊತ್ತಾಗಿಲ್ಲ, ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಗುಡ್ಡ ಹತ್ತಿ ಹಳ್ಳ ದಾಟಬೇಕು.

ಇಂಥ ಊರುಗಳನ್ನು ಬಹುಕಾಲ ಬೆಸೆದದ್ದು ಬಸ್ಸು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ ಈ ಸೀಮೆಯ ಎಷ್ಟೋ ಒಳದಾರಿಗಳಲ್ಲಿ ಓಡಿತು. ದೇಶದ ಸಹಕಾರ ಚಳವಳಿಗೇ ಮಾದರಿ ಎನಿಸಿಕೊಂಡಿತು. 2020ರಲ್ಲಿ ಅದರ ಬಸ್ಸುಗಳು ನಿಂತವು. ಬಸ್ಸು ತಪ್ಪಿದ ಕಡೆಗಳಲ್ಲಿ ಮನೆಯ ಅಂಗಳಕ್ಕೆ ಬಂದು ನಿಂತದ್ದು ಸ್ಕೂಟರ್. ಡೇರಿಗೆ ಹಾಲು ಒಯ್ಯುವ ಅಕ್ಕ, ಅಂಗನವಾಡಿಯ ಶಿಕ್ಷಕಿ, ಆಶಾ ಕಾರ್ಯಕರ್ತೆ, ಕಾಲೇಜಿನ ಹುಡುಗಿ ಯಾರ ದಾರಿಯನ್ನೂ ಕಾಯದೆ ಹೊರಡುವಂತಾದದ್ದು ಈ ಗಾಡಿಯಿಂದ. ಇದನ್ನು ನಾನು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ. ಒಂದು ಯಂತ್ರ ಇಷ್ಟು ಜನರ ಬಾಳಿಗೆ ಆಸರೆಯಾದ ಮೇಲೆ ಅದನ್ನು ಬಲ್ಲವರಾಗುವುದೂ ನಮ್ಮ ಹೊಣೆ.

ಕೈಯ ಕೆಲಸ ಒಳಗೆ ಸೇರಿದ ಬಗೆ

ಸ್ಕೂಟರಿನ ಇಂದಿನ ರೂಪಕ್ಕೆ ತಳಪಾಯ ಹಾಕಿದ್ದು 1946ರಲ್ಲಿ ಇಟಲಿಯ ಪಿಯಾಜಿಯೊ ಹೊರತಂದ ವೆಸ್ಪಾ. ಅದನ್ನು ರೂಪಿಸಿದ ಕೊರಾಡಿನೊ ದಾಸ್ಕಾನಿಯೊ ವಿಮಾನ ವಿನ್ಯಾಸದ ಎಂಜಿನಿಯರ್. ಬಟ್ಟೆಗೆ ಎಣ್ಣೆ ಮೆತ್ತಬಾರದು, ಕಾಲೆತ್ತಿ ಹತ್ತುವ ತೊಂದರೆ ಇರಬಾರದು, ಗೇರು ಕೈಯಲ್ಲೇ ಇರಬೇಕು ಎಂದು ಯೋಚಿಸಿ ಅವರು ಇಂಜಿನನ್ನು ಹಿಂದಿನ ಚಕ್ರದ ಪಕ್ಕಕ್ಕೇ ತಂದರು. ಚೈನು ಹೋಯಿತು, ಕಾಲಿಡಲು ಬಯಲು ಸಿಕ್ಕಿತು. ನಮ್ಮಲ್ಲಿ ಬಜಾಜ್ ಕಂಪನಿ ಪಿಯಾಜಿಯೊದ ಪರವಾನಗಿ ಪಡೆದು ಸ್ಕೂಟರ್ ತಯಾರಿಸಿತು. 1972ರಲ್ಲಿ ಚೇತಕ್ ಬಂತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವನ್ನು ಇಲ್ಲಿರುವ ಹಿರಿಯರು ಬಲ್ಲರು. ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಚೋಕ್ ಎಳೆಯುವುದು, ಎಡಗೈಯಲ್ಲಿ ಕ್ಲಚ್ ಹಿಡಿದು ಗೇರು ತಿರುವುವುದು ಎಲ್ಲವೂ ಸವಾರನ ಕೆಲಸವೇ ಆಗಿತ್ತು.

ಆ ಕೆಲಸಗಳು ಒಂದೊಂದಾಗಿ ಗಾಡಿಯ ಒಳಕ್ಕೆ ಹೋದವು. ಬೆಲ್ಟು ಮತ್ತು ಅಗಲ ಬದಲಾಗುವ ಪುಲ್ಲಿಗಳಿಂದ ಗೇರಿನ ಕೆಲಸ ಮಾಡಿಸುವ ವಿಧಾನವನ್ನು ನೆದರ್ಲೆಂಡ್ಸಿನ ಡಾಫ್ ಕಂಪನಿ 1958ರಲ್ಲೇ ಸಣ್ಣ ಕಾರಿನಲ್ಲಿ ತೋರಿಸಿತ್ತು. 1980ರ ದಶಕದ ನಡುವಿನಲ್ಲಿ ಕೈನೆಟಿಕ್ ಹೋಂಡಾ ಅದನ್ನು ನಮ್ಮ ರಸ್ತೆಗೆ ತಂದಿತು. ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಸೌಕರ್ಯವೂ ಜತೆಗೆ ಬಂತು. 2001ರಲ್ಲಿ ಹೋಂಡಾ ಆಕ್ಟಿವಾ ಬಂದ ಮೇಲೆ ಗೇರಿಲ್ಲದ ಸ್ಕೂಟರ್ ಹಳ್ಳಿಹಳ್ಳಿ ಹೊಕ್ಕಿತು. 2013ರಿಂದ ನಮ್ಮ ರಾಜ್ಯದಲ್ಲೇ, ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಹೋಂಡಾದ ಕಾರ್ಖಾನೆ ನಡೆಯುತ್ತಿದೆ. 2020ರ ಏಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 6 ನಿಯಮ ಬಂದಾಗ ಕಾರ್ಬುರೇಟರ್ ಹೋಗಿ ಇಂಜೆಕ್ಟರ್ ಬಂತು. ಗಾಳಿಗೆ ಎಷ್ಟು ಪೆಟ್ರೋಲ್ ಬೆರೆಸಬೇಕೆಂಬ ಲೆಕ್ಕವನ್ನೂ ಈಗ ಸಣ್ಣದೊಂದು ಕಂಪ್ಯೂಟರ್ ಮಾಡುತ್ತದೆ.

ಇಂಜಿನ್ನಿನ ಒಳಗೆ

ಉದಾಹರಣೆಗೆ ಆಕ್ಟಿವಾ 6ಜಿ ಗಾಡಿಯನ್ನೇ ತೆಗೆದುಕೊಳ್ಳೋಣ. ಅದರ ಸಿಲಿಂಡರಿನ ಅಡ್ಡಳತೆ 47 ಮಿ.ಮೀ. ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ ಸುಮಾರು 63 ಮಿ.ಮೀ. ಆ ಅಡ್ಡಳತೆಯ ವೃತ್ತದ ವಿಸ್ತೀರ್ಣವನ್ನು ಈ ದೂರದಿಂದ ಗುಣಿಸಿದರೆ ಬರುವುದೇ 109.51 ಸಿ.ಸಿ.; ಒಂದು ಸಣ್ಣ ಲೋಟದಷ್ಟು ಜಾಗ. ಪಿಸ್ಟನ್ ಮೊದಲ ಸಲ ಕೆಳಗಿಳಿಯುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಬರುತ್ತದೆ. ಮೇಲೇರುವಾಗ ಅದು ಹತ್ತರಲ್ಲೊಂದು ಭಾಗಕ್ಕೆ ಅದುಮಿಕೊಳ್ಳುತ್ತದೆ. ಪ್ಲಗ್ ಕಿಡಿ ಹಾರಿಸಿದ ಕೂಡಲೇ ಉರಿದು ಹಿಗ್ಗಿದ ಅನಿಲ ಪಿಸ್ಟನ್ನನ್ನು ಕೆಳಕ್ಕೆ ದಬ್ಬುತ್ತದೆ. ನಾಲ್ಕನೆಯ ಹೆಜ್ಜೆಯಲ್ಲಿ ಹೊಗೆ ಹೊರಹೋಗುತ್ತದೆ. ಈ ನಾಲ್ಕರಲ್ಲಿ ಗಾಡಿಯನ್ನು ಎಳೆಯುವುದು ಒಂದೇ ಹೆಜ್ಜೆ. ಉಳಿದ ಮೂರನ್ನು ನಡೆಸುವುದು ಇಂಜಿನ್ನಿನೊಳಗೇ ತಿರುಗುತ್ತಿರುವ ಭಾರಚಕ್ರದ (ಫ್ಲೈವೀಲ್) ವೇಗ. ನಿಮಿಷಕ್ಕೆ 5,000 ಸುತ್ತಿನಲ್ಲಿ ಓಡುವಾಗ ಸೆಕೆಂಡಿಗೆ ಸುಮಾರು 42 ಬಾರಿ ಪೆಟ್ರೋಲ್ ಉರಿಯುತ್ತದೆ.

ಈ ಇಂಜಿನ್ ಕೊಡಬಲ್ಲ ಗರಿಷ್ಠ ಶಕ್ತಿ ಆರು ಕಿಲೋವ್ಯಾಟ್‌ಗಿಂತ ತುಸು ಕಡಿಮೆ, ಅದೂ 8,000 ಸುತ್ತಿನ ಹತ್ತಿರ. ಈಗ ಒಂದು ಲೆಕ್ಕ ಹಾಕೋಣ. ಗಾಡಿ, ಇಬ್ಬರು, ಸ್ವಲ್ಪ ಸಾಮಾನು ಸೇರಿ 250 ಕೆ.ಜಿ. ಇರಲಿ. ಹತ್ತು ಮೀಟರ್ ಹೋದರೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತಲು, ಭಾರ ಎತ್ತುವುದಕ್ಕಷ್ಟೇ ಎರಡು ಕಿಲೋವ್ಯಾಟ್ ಬೇಕು. ಗಾಳಿಯ ತಡೆ, ಟೈರಿನ ತಡೆ, ಬೆಲ್ಟಿನಲ್ಲಿ ಆಗುವ ನಷ್ಟ ಬೇರೆ. ಇಷ್ಟು ಶಕ್ತಿ ಇಂಜಿನ್ನಿನಲ್ಲಿದೆ, ಆದರೆ ಅದು ಸಿಗಬೇಕಾದರೆ ಇಂಜಿನ್ ಜೋರಾಗಿ ತಿರುಗಬೇಕು. ಚಕ್ರ ಮಾತ್ರ ನಿಧಾನವಾಗಿ ತಿರುಗಬೇಕು. 40 ಕಿ.ಮೀ. ವೇಗದಲ್ಲೂ ಈ ಗಾಡಿಯ ಹಿಂದಿನ ಚಕ್ರ ತಿರುಗುವುದು ನಿಮಿಷಕ್ಕೆ ಸುಮಾರು 490 ಸುತ್ತು. ಐದಾರು ಸಾವಿರ ಸುತ್ತಿನ ಇಂಜಿನ್ನಿಗೂ ಐನೂರು ಸುತ್ತಿನ ಚಕ್ರಕ್ಕೂ ಹೊಂದಾಣಿಕೆ ಮಾಡುವುದೇ ಗೇರಿನ ಕೆಲಸ. ಆ ಹೊಂದಾಣಿಕೆಯೂ ಏರು, ತಗ್ಗು, ಭಾರಕ್ಕೆ ತಕ್ಕಂತೆ ಬದಲಾಗುತ್ತಿರಬೇಕು.

ಎಡಗಡೆಯ ಮುಚ್ಚಳ ಬಿಚ್ಚಿದಾಗ

ಕಿಕ್ಕರ್ ಇರುವ ಬದಿಯ ಉದ್ದನೆಯ ಮುಚ್ಚಳವನ್ನು ಮೆಕ್ಯಾನಿಕ್ ಬಿಚ್ಚುವಾಗ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಮುಂದೊಂದು, ಹಿಂದೊಂದು ಪುಲ್ಲಿ. ನಡುವೆ ಒಳಬದಿಗೆ ಹಲ್ಲುಗಳಿರುವ ದಪ್ಪ ರಬ್ಬರ್ ಬೆಲ್ಟು. ಇಲ್ಲಿ ಗ್ರೀಸು, ಆಯಿಲ್ ಬೆಲ್ಟಿಗೆ ತಾಗಬಾರದು. ಒಣಗಿದ್ದರಷ್ಟೇ ಬೆಲ್ಟು ಹಿಡಿಯುತ್ತದೆ. ಪ್ರತಿ ಪುಲ್ಲಿಯೂ ಎದುರುಬದುರಾದ ಎರಡು ಇಳಿಜಾರು ಬಿಲ್ಲೆಗಳ ಜೋಡಿ. ಬಿಲ್ಲೆಗಳು ದೂರವಿದ್ದರೆ ಬೆಲ್ಟು ನಡುವಿನ ತಗ್ಗಿಗೆ ಇಳಿದು ಸಣ್ಣ ಸುತ್ತಿನಲ್ಲಿ ಓಡುತ್ತದೆ. ಹತ್ತಿರ ಬಂದರೆ ಅಂಚಿಗೆ ಏರಿ ದೊಡ್ಡ ಸುತ್ತಿನಲ್ಲಿ ಓಡುತ್ತದೆ. ಬೆಲ್ಟಿನ ಉದ್ದ ಬದಲಾಗದ ಕಾರಣ ಮುಂದಿನ ಪುಲ್ಲಿಯಲ್ಲಿ ಅದು ಏರಿದಷ್ಟು ಹಿಂದಿನದರಲ್ಲಿ ಇಳಿಯಲೇಬೇಕು.

ಮುಂದಿನ ಪುಲ್ಲಿಯ ಬಿಲ್ಲೆಯನ್ನು ಒತ್ತುವವರು ಯಾರು? ಅದರ ಬೆನ್ನ ಹಿಂದೆ ಆರು ಸಣ್ಣ ರೋಲರುಗಳಿವೆ. ಒಂದೊಂದೂ ಕೆಲವೇ ಗ್ರಾಂ ತೂಕದವು. ಅಂಗೈಯಲ್ಲಿ ಆರೂ ಹಿಡಿಸುತ್ತವೆ. ಇಂಜಿನ್ ವೇಗ ಹೆಚ್ಚಿದಂತೆ, ಘಾಟಿಯ ತಿರುವಿನಲ್ಲಿ ಬಸ್ಸಿನೊಳಗೆ ಕೂತವರು ಹೊರಬದಿಗೆ ವಾಲುವ ಹಾಗೆ, ಇವು ನಡುವಿನಿಂದ ಹೊರಕ್ಕೆ ಸರಿಯುತ್ತವೆ. ಇವು ಸರಿಯುವ ಹಾದಿ ಓರೆಯಾಗಿರುವುದರಿಂದ ಹೊರಕ್ಕೆ ಹೋದಷ್ಟೂ ಬಿಲ್ಲೆಯನ್ನು ಮುಂದಕ್ಕೆ ದಬ್ಬುತ್ತವೆ. ಸುತ್ತು ಎರಡು ಪಟ್ಟಾದರೆ ಈ ದಬ್ಬುವ ಬಲ ನಾಲ್ಕು ಪಟ್ಟಾಗುತ್ತದೆ. ಹೊರಡುವಾಗ ಇಂಜಿನ್ ಸುಮಾರು ಎರಡೂವರೆ ಸುತ್ತು ತಿರುಗಿದರೆ ಹಿಂದಿನ ಪುಲ್ಲಿ ಒಂದು ಸುತ್ತು ತಿರುಗುತ್ತದೆ. ವೇಗ ಬಂದ ಮೇಲೆ ಹಿಂದಿನ ಪುಲ್ಲಿಯೇ ಇಂಜಿನ್ನಿಗಿಂತ ಜೋರಾಗಿ ತಿರುಗುತ್ತದೆ. ನಡುವೆ ಜರ್ಕು ಹೊಡೆಯದೆ, ಮೆಟ್ಟಿಲಿಲ್ಲದೆ ಎಲ್ಲವೂ ಬದಲಾಗುತ್ತದೆ.

ಹಿಂದಿನ ಪುಲ್ಲಿಯ ಜಾಣತನ ಇನ್ನೂ ದೊಡ್ಡದು. ಅದರ ಬಿಲ್ಲೆಗಳನ್ನು ಒಂದು ಬಲವಾದ ಸ್ಪ್ರಿಂಗ್ ಒತ್ತಿ ಹಿಡಿದಿದೆ. ಜತೆಗೆ ಚಲಿಸುವ ಬಿಲ್ಲೆಯ ಕೊಳವೆಯಲ್ಲಿ ಓರೆಯಾಗಿ ಕೊರೆದ ತೋಡುಗಳಿವೆ, ಅವುಗಳಲ್ಲಿ ಪಿನ್ನುಗಳು ಕೂತಿವೆ. ಏರು ಎದುರಾಗಿ ಚಕ್ರ ಭಾರವಾದಾಗ ಬೆಲ್ಟು ಎಳೆಯುವ ರಭಸಕ್ಕೆ ಈ ಬಿಲ್ಲೆ ಓರೆತೋಡಿನಲ್ಲಿ ತುಸು ತಿರುಚಿಕೊಂಡು ಇನ್ನಷ್ಟು ಒತ್ತುತ್ತದೆ. ಬೆಲ್ಟು ಹಿಂದೆ ಮೇಲೇರುತ್ತದೆ, ಮುಂದೆ ಕೆಳಗಿಳಿಯುತ್ತದೆ. ಹಳೆಯ ಚೇತಕ್ ಸವಾರ ಮೂರರಿಂದ ಎರಡಕ್ಕೆ ಗೇರು ಇಳಿಸುತ್ತಿದ್ದನಲ್ಲ, ಆ ತೀರ್ಮಾನವನ್ನು ಇಲ್ಲಿ ಒಂದು ಸ್ಪ್ರಿಂಗು ಮತ್ತು ಓರೆತೋಡು ತೆಗೆದುಕೊಂಡವು. ವಿದ್ಯುತ್ ಇಲ್ಲ, ಕಂಪ್ಯೂಟರ್ ಇಲ್ಲ. ಲೋಹದ ಆಕಾರದಲ್ಲೇ ಬುದ್ಧಿ ಅಡಗಿದೆ. ಇದನ್ನು ಮೊದಲು ಯೋಚಿಸಿದವರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ರೋಲರುಗಳು ಸವೆದು ಒಂದು ಬದಿ ಚಪ್ಪಟೆಯಾದರೆ ಸರಾಗವಾಗಿ ಉರುಳುವುದಿಲ್ಲ. ಆಗಲೇ ನೀವು “ಪಿಕಪ್ ಇಲ್ಲ, ಗಾಡಿ ಅದುರುತ್ತದೆ” ಎನ್ನುವುದು. ಬೆಲ್ಟು ಸವೆದು ಅಗಲ ಕಡಿಮೆಯಾದರೆ ಅಂಚಿನವರೆಗೆ ಏರಲಾರದು; ವೇಗ ತಗ್ಗುತ್ತದೆ. ಬೆಲ್ಟು ಕಡಿದರೆ ಇಂಜಿನ್ ಓಡುತ್ತಿದ್ದರೂ ಗಾಡಿ ಕದಲುವುದಿಲ್ಲ. ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿಗೆ ಮೊದಲೇ, ನಮ್ಮ ಏರುತಗ್ಗಿನ ದಾರಿಗೆ, ಒಮ್ಮೆ ಬಿಚ್ಚಿಸಿ ನೋಡುವುದು ಒಳ್ಳೆಯದು.

ಕ್ಲಚ್ ಬಿಟ್ಟಾಗ

ಹಿಂದಿನ ಪುಲ್ಲಿಯ ಜತೆ ತಿರುಗುವ ಮೂರು ಕ್ಲಚ್ ಶೂಗಳಿವೆ. ಅವುಗಳ ಸುತ್ತ ಒಂದು ಉಕ್ಕಿನ ಬಟ್ಟಲು. ಶೂಗಳ ನಂಟು ಇಂಜಿನ್ನಿಗೆ, ಬಟ್ಟಲಿನ ನಂಟು ಚಕ್ರಕ್ಕೆ. ಇಂಜಿನ್ ನಿಧಾನವಾಗಿ ಓಡುವಾಗ ಸಣ್ಣ ಸ್ಪ್ರಿಂಗುಗಳು ಶೂಗಳನ್ನು ಒಳಕ್ಕೆ ಎಳೆದಿಟ್ಟುಕೊಂಡಿರುತ್ತವೆ. ಹಾಗಾಗಿ ಸ್ಟಾರ್ಟ್ ಆದ ಗಾಡಿ ನಿಂತಲ್ಲೇ ನಿಂತಿರುತ್ತದೆ. ಎಕ್ಸಲೇಟರ್ ಕೊಟ್ಟು ಸುತ್ತು 3,000ದ ಆಸುಪಾಸಿಗೆ ಬಂದಾಗ ಶೂಗಳು ಹೊರಕ್ಕೆ ಚಾಚಿ ಬಟ್ಟಲನ್ನು ಹಿಡಿಯುತ್ತವೆ, ಗಾಡಿ ಹೊರಡುತ್ತದೆ. ಗೇರಿಲ್ಲದ ಸ್ಕೂಟರನ್ನು ದಬ್ಬಿ ಸ್ಟಾರ್ಟ್ ಮಾಡಲು ಆಗದಿರುವುದೂ ಇದಕ್ಕೇ: ನೀವು ಎಷ್ಟು ದಬ್ಬಿದರೂ ತಿರುಗುವುದು ಬಟ್ಟಲು ಮಾತ್ರ, ಶೂಗಳಿಗೆ ಅದರ ಸುದ್ದಿಯೇ ಇಲ್ಲ.

ಈಗ ಎಸ್.ಕೆ. ಬಾರ್ಡರಿನಿಂದ ಮಾಳದ ಕಡೆಗೆ ಇಳಿಯೋಣ. ಎಕ್ಸಲೇಟರ್ ಪೂರ್ತಿ ಬಿಟ್ಟಿದ್ದೀರಿ. ಶೂಗಳು ಬಟ್ಟಲನ್ನು ಹಿಡಿದಿರುವವರೆಗೆ ಚಕ್ರವೇ ಇಂಜಿನ್ನನ್ನು ತಿರುಗಿಸಬೇಕು. ಆ ಪ್ರಯಾಸದಿಂದ ಗಾಡಿಗೆ ತುಸು ತಡೆ ಸಿಗುತ್ತದೆ. ಮುಂದೊಂದು ತಿರುವು, ಬ್ರೇಕ್ ಹಿಡಿದು ನಿಧಾನ ಮಾಡಿದಿರಿ. ಸುತ್ತು ಇಳಿಯಿತು, ಶೂಗಳು ಒಳಕ್ಕೆ ಸರಿದವು, ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯಿತು. ತಿರುವು ಕಳೆದ ಮೇಲೆ ಇಳಿಜಾರಿನಲ್ಲಿ ಗಾಡಿ ಮತ್ತೆ ವೇಗ ಹಿಡಿಯುತ್ತದೆ. 30, 40, 50 ಆದರೂ ಶೂಗಳು ಚಾಚುವುದಿಲ್ಲ, ಏಕೆಂದರೆ ಇಂಜಿನ್ ನಿಂತಲ್ಲೇ ಗುನುಗುಡುತ್ತಿದೆ. ಬಟ್ಟಲು ಅವುಗಳ ಸುತ್ತ ಬರಿದೇ ತಿರುಗುತ್ತಿದೆ. ಈಗ ನಿಮ್ಮನ್ನು ತಡೆಯಬಲ್ಲದ್ದು ಬ್ರೇಕ್ ಒಂದೇ. ಗೇರು ಇಳಿಸಿ ಇಂಜಿನ್ನಿನ ಹಿಡಿತದಲ್ಲಿ ಘಾಟಿ ಇಳಿಯುವ ಬೈಕು, ಲಾರಿ, ಬಸ್ಸುಗಳಿಗೂ ನಿಮ್ಮ ಸ್ಕೂಟರಿಗೂ ಇರುವ ವ್ಯತ್ಯಾಸ ಇದೇ.

ಉಪಾಯ ಸರಳ. ತಿರುವು ದಾಟಿ ಗಾಡಿ ಬರಿದೇ ಉರುಳುತ್ತಿದೆ ಅನಿಸಿದಾಗ, ವೇಗ ಇನ್ನೂ ಕಡಿಮೆ ಇರುವಾಗಲೇ, ಎಕ್ಸಲೇಟರನ್ನು ಒಂದು ಕ್ಷಣ ಹಗುರವಾಗಿ ಕೊಟ್ಟು ಬಿಡಿ. ಶೂಗಳು ಚಾಚಿ ಬಟ್ಟಲನ್ನು ಹಿಡಿಯುತ್ತವೆ, ಇಂಜಿನ್ನಿನ ತಡೆ ಮರಳುತ್ತದೆ. ಗಾಡಿ ತುಸು ಹಿಂದಕ್ಕೆ ಎಳೆದಂತಾಗುವುದು ನಿಮ್ಮ ಸೊಂಟಕ್ಕೇ ತಿಳಿಯುತ್ತದೆ. ಈ ತಡೆ ಬೈಕಿನಷ್ಟು ಬಲವಾದದ್ದಲ್ಲ, ಬ್ರೇಕಿನ ಹೊರೆಯನ್ನು ಹಗುರ ಮಾಡುವಷ್ಟು ಮಾತ್ರ. ಒದ್ದೆ ತಿರುವಿನ ನಡುವೆ ಇದನ್ನು ಮಾಡಬೇಡಿ. ನೇರ ದಾರಿಯಲ್ಲಿ ಮಾಡಿ. ಪೆಟ್ರೋಲ್ ಉಳಿಸಲು ಕೀ ತಿರುವಿ ಇಂಜಿನ್ ಆರಿಸಿ ಇಳಿಯುವುದನ್ನಂತೂ ಯಾರೂ ಮಾಡಬಾರದು. ಆಗ ಈ ಹಿಡಿತವನ್ನು ಮರಳಿ ಪಡೆಯುವ ದಾರಿಯೇ ಇರುವುದಿಲ್ಲ, ಹೆಡ್‌ಲೈಟೂ ಆರಿರುತ್ತದೆ.

ಬ್ರೇಕಿನ ಮೇಲೆ ಎಷ್ಟು ಹೊರೆ ಬೀಳುತ್ತದೆ? ಅದೇ 250 ಕೆ.ಜಿ. ಗಾಡಿ ನೂರು ಮೀಟರ್ ಎತ್ತರ ಇಳಿದರೆ ಸುಮಾರು 245 ಕಿಲೋಜೂಲ್ ಶಕ್ತಿ ಎಲ್ಲಾದರೂ ಕಳೆಯಬೇಕು. ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿ ಬರಿಸಲು ಅಷ್ಟು ಸಾಕು. ಒಂದು ಪಾಲು ಗಾಳಿಗೆ ಹೋಗುತ್ತದೆ. ಉಳಿದದ್ದು ಬ್ರೇಕಿನಲ್ಲಿ ಬಿಸಿಯಾಗುತ್ತದೆ. ನಮ್ಮ ಘಾಟಿಯಲ್ಲಿ ಇಂಥ ನೂರು ಮೀಟರುಗಳು ಒಂದರ ಹಿಂದೊಂದು ಬರುತ್ತವೆ. ಡ್ರಮ್ ಬ್ರೇಕಿನ ಶೂಗಳು ಮುಚ್ಚಿದ ಡ್ರಮ್ಮಿನ ಒಳಗಿರುವುದರಿಂದ ಬಿಸಿ ಬೇಗ ಹೊರಹೋಗದು. ಡ್ರಮ್ ಹಿಗ್ಗುತ್ತದೆ, ಲೈನರಿನ ಹಿಡಿತ ಸೋಲುತ್ತದೆ, ಲಿವರ್ ಹ್ಯಾಂಡಲಿನ ಹತ್ತಿರಕ್ಕೆ ಬರುತ್ತದೆ. ಬ್ರೇಕನ್ನು ಸದಾ ಒತ್ತಿಕೊಂಡೇ ಇಳಿಯಬೇಡಿ. ಎರಡೂ ಬ್ರೇಕ್ ಸೇರಿಸಿ ಹಿಡಿದು ವೇಗ ತಗ್ಗಿಸಿ, ಬಿಟ್ಟು ಆರಲು ಬಿಡಿ, ಮತ್ತೆ ಹಿಡಿಯಿರಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡಿ; ನೀರು ಮಾತ್ರ ಸುರಿಯಬೇಡಿ. 2019ರ ಏಪ್ರಿಲ್‌ನಿಂದ 125 ಸಿ.ಸಿ.ವರೆಗಿನ ಹೊಸ ಗಾಡಿಗಳಲ್ಲಿ ಒಂದು ಲಿವರ್ ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುವ ವ್ಯವಸ್ಥೆ, ಇಲ್ಲವೇ ಬ್ರೇಕ್ ಹಿಡಿದಾಗ ಚಕ್ರ ಬಿಗಿದು ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ಇರಲೇಬೇಕು. ಅದು ಒಳ್ಳೆಯ ನಿಯಮ. ಆದರೆ ಬಿಸಿಯ ಲೆಕ್ಕವನ್ನು ಯಾವ ನಿಯಮವೂ ಬದಲಿಸದು.

ಏರಿನಲ್ಲೂ ಒಂದು ಎಚ್ಚರ ಬೇಕು. ತಿರುವಿನಲ್ಲಿ ಬಸ್ಸಿಗೆ ದಾರಿ ಬಿಟ್ಟು ನಿಂತಾಗ ಗಾಡಿ ಹಿಂದೆ ಜಾರದಂತೆ ಹಲವರು ಎಕ್ಸಲೇಟರ್ ಕೊಟ್ಟು ಹಿಡಿದಿರುತ್ತಾರೆ. ಆಗ ಶೂಗಳು ಬಟ್ಟಲಿಗೆ ಉಜ್ಜಿ ಸುಡುತ್ತವೆ. ಅಲ್ಲಿ ಬಳಸಬೇಕಾದದ್ದು ಬ್ರೇಕ್.

ಮಳೆಗಾಲದ ಮಾತು

ಎಡಗಡೆಯ ಪೆಟ್ಟಿಗೆ ತಣ್ಣಗಿರಲು ಗಾಳಿ ಆಡಬೇಕು, ಗಾಳಿ ಆಡುವ ಕಡೆ ನೀರೂ ನುಗ್ಗುತ್ತದೆ. ರಸ್ತೆಯ ಮೇಲೆ ಹರಿಯುವ ಹಳ್ಳ ದಾಟಿದ ಮೇಲೆ ಇಂಜಿನ್ ಕಿರುಚಿದರೂ ಗಾಡಿ ಮುಂದೆ ಹೋಗದಿದ್ದರೆ ಬೆಲ್ಟು ನೆನೆದಿದೆ ಎಂದು ತಿಳಿಯಿರಿ. ಎಕ್ಸಲೇಟರ್ ತಿರುಚಬೇಡಿ, ಬದಿಗೆ ನಿಲ್ಲಿಸಿ, ನೀರು ಇಳಿಯಲು ಬಿಡಿ. ಡ್ರಮ್ಮಿಗೆ ನೀರು ಹೋಗಿದ್ದರೆ ನಿಧಾನವಾಗಿ ಹೋಗುತ್ತಾ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಿಕೊಳ್ಳಿ, ಆಮೇಲೆ ವೇಗ ಹಿಡಿಯಿರಿ.

ಪೆಟ್ರೋಲಿನಲ್ಲಿ ಈಗ ಶೇ. 20ರಷ್ಟು ಎಥನಾಲ್ ಬೆರೆತಿರುತ್ತದೆ. ಈ ಇ20 ಇಂಧನಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಗಾಡಿ ಸ್ಟಾರ್ಟ್ ಆಗದೆ ಸತಾಯಿಸುತ್ತದೆ. ಮಳೆಗಾಲದಲ್ಲಿ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಅರೆಬರೆ ಬಿಡಬೇಡಿ, ಮುಚ್ಚಳದ ರಬ್ಬರ್ ಸರಿಯಿದೆಯೇ ನೋಡಿಕೊಳ್ಳಿ.

ನಾವು ಮಾಡಬೇಕಾದದ್ದು

ಮಕ್ಕಳಿಗೆ ಒಂದು ಮಾತು. ಹದಿನಾರು ತುಂಬಿದವರಿಗೆ ಕಾನೂನು ಒಪ್ಪುವುದು 50 ಸಿ.ಸಿ. ಮೀರದ ಗಾಡಿಯನ್ನು ಮಾತ್ರ. ಮನೆಯಲ್ಲಿರುವ 110 ಸಿ.ಸಿ. ಸ್ಕೂಟರಿಗೆ ಹದಿನೆಂಟು ತುಂಬಬೇಕು, ಲೈಸೆನ್ಸ್ ಬೇಕು, ತಲೆಗೆ ಹೆಲ್ಮೆಟ್ ಬೇಕು. ಅಲ್ಲಿಯವರೆಗೆ ಓಡಿಸುವ ಆಸೆಯನ್ನು ಬಿಚ್ಚಿ ನೋಡುವ ಆಸೆಯಾಗಿ ಬೆಳೆಸಿಕೊಳ್ಳಿ.

ಶಿಕ್ಷಕರಲ್ಲಿ ನನ್ನ ಬಿನ್ನಹ ಇಷ್ಟು: ಗುಜರಿಗೆ ಹೋಗುವ ಒಂದು ಸ್ಕೂಟರಿನ ಪುಲ್ಲಿ, ಬೆಲ್ಟು, ಕ್ಲಚ್ಚನ್ನು ಶಾಲೆಯ ವಿಜ್ಞಾನ ಕೋಣೆಗೆ ತನ್ನಿ. ವೃತ್ತೀಯ ಚಲನೆ, ಘರ್ಷಣೆ, ಶಕ್ತಿಯ ರೂಪಾಂತರ ಮೂರು ಪಾಠಗಳೂ ಅದರೊಂದರಲ್ಲೇ ಇವೆ. ಮೆಕ್ಯಾನಿಕ್ ಬಂಧುಗಳೆ, ಭಾಗ ಬದಲಿಸುವಾಗ ಸವೆದ ರೋಲರನ್ನು ಗಾಡಿಯವರ ಕೈಗೆ ಕೊಟ್ಟು ತೋರಿಸಿ. ನಿಮ್ಮ ಕೌಶಲದ ಬೆಲೆ ಅವರಿಗೂ ಅರ್ಥವಾಗಲಿ. ಸ್ಕೂಟರ್ ಕಲಿಸುವವರು ಮೈದಾನದಲ್ಲಿ ಎಂಟು ಹಾಕಿಸಿದರೆ ಸಾಲದು, ಇಳಿಜಾರಿನಲ್ಲಿ ಕ್ಲಚ್ ಬಿಡುವುದನ್ನೂ ಹಿಡಿಯುವುದನ್ನೂ ಕಲಿಸಿ. ಪಂಚಾಯಿತಿಯವರು ವರ್ಷಕ್ಕೊಂದು ದಿನ, ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಊರಿನ ಸ್ಕೂಟರುಗಳ ಬ್ರೇಕ್ ಮತ್ತು ಬೆಲ್ಟ್ ತಪಾಸಣೆ ನಡೆಸಲಿ. ಅದಕ್ಕೆ ದೊಡ್ಡ ಹಣ ಬೇಡ. ಒಬ್ಬ ಮೆಕ್ಯಾನಿಕ್, ಒಂದು ಸ್ಪ್ಯಾನರ್ ಸೆಟ್, ಸುತ್ತ ನಿಂತು ಕೇಳುವ ಜನ ಇದ್ದರೆ ಸಾಕು. ಆ ತಪಾಸಣೆ ಈ ವರ್ಷವೇ ಕೆರೆಕಟ್ಟೆಯಿಂದ ಶುರುವಾಗಲಿ ಎಂದು ಸಭೆಯ ಮುಂದೆ ಕೇಳಿಕೊಳ್ಳುತ್ತೇನೆ. ದಿನ ಗೊತ್ತುಮಾಡಿ ತಿಳಿಸಿದರೆ ಮೊದಲ ಮುಚ್ಚಳ ಬಿಚ್ಚಲು ನಾನು ಬರುತ್ತೇನೆ.